ಹಿಂಡಿಯ ವಾಸನೆ

ತನ್ನ ಬೆರಳುಗಳಿಗೆ ವಾಸನೆ ಇದೆಯೋ ಇಲ್ಲವೋ ಎಂಬುದು ಈಚೆಗೆ ತನಗೇ ತಿಳಿಯದಾಗಿದೆ ಎಂದು ದಾನೇಶ್ವರಿ ಮೆಹದಿಪಟ್ಣದಿಂದ ಗಂಡಿಪೇಟೆಯ ಕಡೆ ಹೊರಟ ಬಸ್ಸಿನಲ್ಲಿ ಕೂತು ತನ್ನೊಳಗೇ ಒಪ್ಪಿಕೊಂಡಳು. ದುಪಟ್ಟಾ ಸರಿಮಾಡಿಕೊಳ್ಳುವ ನೆವದಲ್ಲಿ ಬಲಗೈಯನ್ನು ಮೂಗಿನ ಹತ್ತಿರ ತಂದಳು. ಏನೂ ಇರಲಿಲ್ಲ. ಏನೂ ಇಲ್ಲವೆಂದ ಮೇಲೆ ಇನ್ನೊಮ್ಮೆ ತಂದಳು, ಆಗ ಇತ್ತು. ಪಕ್ಕದಲ್ಲಿ ಹೂವಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹೆಂಗಸು ಇವಳತ್ತ ಒಮ್ಮೆ ನೋಡಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಗಾಳಿಗಾಗಿ ತಿರುಗಿಸಿದಳೋ, ದಾನೇಶ್ವರಿಯ ಕೈಯ ವಾಸನೆಗೋ? ಇಂಥದ್ದಕ್ಕೆಲ್ಲ ಮನಸ್ಸು ಕೆಡಿಸಿಕೊಳ್ಳಬಾರದು ಎಂದು ದಿನಚರಿಯಲ್ಲಿ ಎಷ್ಟೋ ಸಲ ಬರೆದುಕೊಂಡಿದ್ದಳು. ಬರೆದಾದ ಮೇಲೆ ಪೆನ್ನು ಹಿಡಿದಿದ್ದ ಬೆರಳನ್ನೇ ಮೂಸಿ ನೋಡಿದ್ದಳು.

ಮುಂದೆ ಡ್ರೈವರನ ಹಿಂದಿನ ಕಂಬಕ್ಕೆ ಒರಗಿ ಅಪ್ಪ ನಿಂತಿದ್ದ. ಸೀಟು ಖಾಲಿ ಇದ್ದರೂ ಗುರುಶಾಂತಪ್ಪ ಕೂರುವುದಿಲ್ಲ. ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ ಗಾಳದ ಕೋಲುಗಳು ಯಾರ ಕಣ್ಣಿಗಾದರೂ ಚುಚ್ಚಿಯಾವು ಎಂದು ಅವನ್ನು ಎದೆಗೊತ್ತಿ ಹಿಡಿದುಕೊಂಡು, ಯಾರದೋ ಕೂಸನ್ನು ಎತ್ತಿಕೊಂಡವನ ಹಾಗೆ ನಿಲ್ಲುತ್ತಾನೆ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇನ್ನೂ ಅಳಿಸಿರಲಿಲ್ಲ. "ಏಂ ಸಾರೂ, ಈ ರೋಜು ಎನ್ನಿ ಕಿಲೋಲು?" ಎಂದು ಕಂಡಕ್ಟರ್, ಇವತ್ತು ಎಷ್ಟು ಕಿಲೋ ಮೀನೆಂದು, ನಗುತ್ತ ಕೇಳಿದ. "ಮನಮೇಂ ಚೆಪ್ತಾಂ? ನೀಳ್ಳು ಚೆಪ್ಪಾಲಿ" ಎಂದ ಅಪ್ಪ, ನೀರೇ ಹೇಳಬೇಕೆಂದು. ಸಿಕಂದರಾಬಾದಿನ ರೈಲ್ವೆ ಪಾರ್ಸಲ್ ಆಫೀಸಿನಲ್ಲಿ ವಾರವೆಲ್ಲ ತಲೆ ಎತ್ತದೆ ಕೂರುವ ಮನುಷ್ಯ ರವಿವಾರ ಬೆಳಿಗ್ಗೆ ಈ ಬಸ್ಸಿನಲ್ಲಿ ಮಾತ್ರ ಹೀಗೆ ಉದ್ದವಾಗಿ ಕಾಣುತ್ತಾನೆ. ಅದನ್ನು ನೋಡಿ ಅವಳಿಗೆ ಪ್ರೀತಿ ಉಕ್ಕಿತು. ಅದರ ಹಿಂದೆಯೇ ಆ ಪ್ರೀತಿಯ ಮೇಲೆ ಸಿಟ್ಟೂ ಬಂತು.

ಗಾಳಕ್ಕೆ ಹಚ್ಚುವ ಹಿಂಡಿ ಕಲಸಿದ್ದು ಅವಳೇ. ನಸುಕಿನಲ್ಲಿ, ಬಚ್ಚಲ ಬಾಗಿಲಲ್ಲಿ ಕೂತು, ಅವ್ವ ಬೇರೆ ಇಟ್ಟಿರುವ ಅಲ್ಯುಮಿನಿಯಂ ಬೋಗುಣಿಯಲ್ಲಿ. ಗಾಣದಿಂದ ತಂದ ಶೇಂಗಾ ಹಿಂಡಿಯ ಪುಡಿ, ಪುಟಾಣಿ ಹಿಟ್ಟು, ಬೆಲ್ಲ, ಇಂಗು. ಬೇಸಿಗೆಯಲ್ಲಿ ಬೆಲ್ಲ ಜಾಸ್ತಿ ಹಾಕಿ ಒಂದು ದಿನ ಮೊದಲೇ ಕಲಸಿ ಹುಳಿ ಬರಿಸಬೇಕು. ನೀರು ಇಳಿದು ಬಿಸಿಯಾದಾಗ ಮೀನು ಆಳ ಬಿಟ್ಟು ಏಳುವುದಿಲ್ಲ, ಅದರ ಬಾಯಿಯ ತನಕ ಹೋಗಿ ಕರೆಯಬೇಕು. ಚಳಿಗಾಲದಲ್ಲಿ ಉಂಡೆ ಬಟಾಣಿಯಷ್ಟು ಸಣ್ಣದಿರಬೇಕು, ಮಧ್ಯಾಹ್ನದ ಬಿಸಿಲು ಬಿದ್ದ ತೆಳುನೀರಿನಲ್ಲಿ ಬಿಡಬೇಕು. ಮಳೆ ಶುರುವಾಗಿ ಹೊಸನೀರು ಬಂದರೆ ಇಂಗು. "ಕೆಂಪು ನೀರಿನಾಗ ಮೀನಿನ ಕಣ್ಣು ಕೆಲಸ ಮಾಡಂಗಿಲ್ಲವ್ವಾ, ಮೂಗು ಮಾಡತೈತಿ" ಎನ್ನುತ್ತಾನೆ ಅಪ್ಪ. ಈ ವರ್ಷದ ಮೊದಲ ಹೊಸನೀರು ಮೊನ್ನೆಯಷ್ಟೇ ಬಂದಿತ್ತು. ಆದ್ದರಿಂದ ಇಂದು ಇಂಗು. ಅಡುಗೆಮನೆಯ ಡಬ್ಬಿಯಿಂದಲೇ, ಸಾರಿಗೆ ಹಾಕುವ ಅದೇ ಇಂಗು. ತಾನು ಹುಟ್ಟಿದ ಮೇಲೆ ಒಂದು ಸಲವೂ ಮೀನನ್ನು ಮುಟ್ಟಿದವಳಲ್ಲ. ಅಪ್ಪನೂ ಮುಟ್ಟಿದವನಲ್ಲ. ಗಾಳ ಅಪ್ಪನದು, ಮೀನು ಅಪ್ಪನ ಗೆಳೆಯ ಅಂಬಾದಾಸ ಕಾಕಾನದು. ಅದು ಅವರಿಬ್ಬರ ಕರಾರು. ದಂಡೆಗೆ ಬಂದ ಮೀನನ್ನು ಕಾಕಾ ಬಿಡಿಸಿಕೊಳ್ಳುವಾಗ ಅಪ್ಪ ಕೋಲು ಹಿಡಿದು ಆಕಾಶ ನೋಡುತ್ತಾನೆ.

ವಿಶ್ವಜಿತನ ಮನೆಯವರು ಹೆಣ್ಣು ನೋಡಲು ಬಂದ ದಿನವೂ ರವಿವಾರವೇ ಇತ್ತು. ಅವತ್ತೂ ಅವಳು ನಸುಕಿನಲ್ಲಿ ಹಿಂಡಿ ಕಲಸಿದ್ದಳು. ಆಮೇಲೆ ಸಾಬೂನು, ನಿಂಬೆಹಣ್ಣು, ಮತ್ತೆ ಸಾಬೂನು. ಶಿರಾದ ತಾಟು ಕೊಡುವಾಗ ವಿಶ್ವಜಿತನ ತಾಯಿ ಅವಳ ಕೈಯನ್ನೇ ಹಿಡಿದು, ತೀರ ಮೆತ್ತಗೆ, "ಕೈಗೆ ಏನ್ ಹಚ್ಕೊಂಡೀಯವ್ವ?" ಎಂದು ಕೇಳಿದ್ದರು. ಗದರಿದ್ದರೆ ಆಗುತ್ತಿತ್ತು. ಆ ಮೆತ್ತಗಿನ ದನಿಯ ಕೆಳಗೆ ಮೂಗಿನ ಹೊಳ್ಳೆಗಳು ಒಂದಿಷ್ಟೇ ಅಗಲವಾದದ್ದನ್ನು ಅವಳು ಕಂಡಳು. ಅದೇ ಹೊತ್ತಿಗೆ ಆಚೆಯ ಕೋಣೆಯಲ್ಲಿ ಅಪ್ಪ ಹುಡುಗನ ತಂದೆಗೆ ಪಡುವಣ ಗಾಳಿ ಬೀಸಿದಾಗ ಮೀನು ಯಾವ ದಂಡೆಗೆ ಸೇರುತ್ತದೆ ಎಂದು ವಿವರಿಸುತ್ತಿದ್ದ. ಯಾರೂ ಕೇಳಿರಲಿಲ್ಲ. "ನಾವು ತಿನ್ನಂಗಿಲ್ರಿ, ಮುಟ್ಟಂಗೂ ಇಲ್ಲ. ಹಿಡೀತೀವಿ, ಅಷ್ಟ." ತನ್ನ ಮನೆತನದ ಶುದ್ಧಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲವೆಂಬಂತೆ ಆತ ಅದನ್ನು ಎರಡು ಸಲ ಹೇಳಿದ. ಅಡುಗೆಮನೆಯಲ್ಲಿ ಅವ್ವ ಶಿವದೇವಿ ಹಣೆ ಚಚ್ಚಿಕೊಂಡಳು. ದಾನೇಶ್ವರಿ ವಿಶ್ವಜಿತನ ಕಡೆ ನೋಡಿದಳು. ಅವನು ತಾಟಿನಲ್ಲಿದ್ದ ಗೋಡಂಬಿಯನ್ನು ಚಮಚದಿಂದ ಬದಿಗೆ ಸರಿಸುತ್ತಿದ್ದ.

ಬಸ್ಸು ನಿಂತಿತು. ಹೂವಿನ ಹೆಂಗಸು ಇಳಿಯುವಾಗ ಇವಳ ಭುಜ ತಟ್ಟಿ, "ಜರ ಜರುಗಮ್ಮಾ" ಎಂದಳು. ಅಷ್ಟೇ. ಅದರಲ್ಲಿ ಏನೂ ಇರಲಿಲ್ಲ. ದಾನೇಶ್ವರಿ ಕಾಲು ಸರಿಸಿ ಜಾಗ ಬಿಟ್ಟಳು.

ಅಬಿಡ್ಸಿನ ಫುಟ್‌ಪಾತಿನಲ್ಲಿ ರವಿವಾರ ಅಂಗಡಿಗಳ ಶಟರುಗಳು ಇಳಿದ ಮೇಲೆ ಅವುಗಳ ಮುಂದೆ ಹಳೇ ಪುಸ್ತಕಗಳು ಹರವಿಕೊಳ್ಳುತ್ತವೆ. ಕೆರೆಯಿಂದ ಮರಳಿದ ಒಂದು ಸಂಜೆ ಒಂದೇ ಪುಸ್ತಕಕ್ಕೆ ಅವಳೂ ವಿಶ್ವಜಿತನೂ ಕೈಹಾಕಿದ್ದು, ಅವನು ಬಿಟ್ಟುಕೊಟ್ಟದ್ದು, ಇಬ್ಬರದೂ ಕಲಬುರಗಿ ಕಡೆಯ ಕನ್ನಡವೆಂದು ತಿಳಿದು ನಕ್ಕದ್ದು ಎಲ್ಲ ಅಲ್ಲೇ. ಎಷ್ಟೋ ರವಿವಾರಗಳ ಮೇಲೆ, ಸಂಬಂಧ ಕೇಳಿಕೊಂಡು ಹಿರಿಯರು ಮನೆಗೆ ಬರುವ ಹಾಗೆ ಅವನೇ ದಾರಿ ಮಾಡಿದ್ದ. ಆ ಶಿರಾದ ತಾಟಿನ ಮರುವಾರ ಅಲ್ಲೇ ನಿಂತು, ಪುಸ್ತಕದ ರಾಶಿಗಳ ನಡುವೆ, ತಗ್ಗಿದ ದನಿಯಲ್ಲಿ ಹೇಳಿದ. "ತಿನ್ನೋರು ಹೊಟ್ಟಿಗೆ ಅಂತ ಹಿಡೀತಾರ. ತಿನ್ನದವರು ಯಾತಕ್ಕ ಹಿಡೀತಾರ ಅಂತ ಅವ್ವ ಕೇಳಾಕತ್ತಾಳ. ನನ್ನ ಹತ್ರ ಉತ್ತರ ಇಲ್ಲ. ಇನ್ನ ಹೋಗಂಗಿಲ್ಲ ಅಂತ ನಿಮ್ಮಪ್ಪನ ಕಡಿಂದ ಒಂದು ಮಾತು ಹೇಳಿಸು, ಸಾಕು. ಸುಳ್ಳಾದ್ರೂ ಅಡ್ಡಿಯಿಲ್ಲ." ಅವಳು ಕೈಯಲ್ಲಿದ್ದ ಪುಸ್ತಕದ ಹಾಳೆ ತಿರುವಿದಳು. ಅಪ್ಪನ ಮುಂದೆ ನಿಂತು ಅದನ್ನು ಹೇಳುವುದನ್ನು ಮನಸ್ಸಿನಲ್ಲೇ ಮಾಡಿ ನೋಡಿದಳು. ಹೇಳಿದರೆ ಅಪ್ಪ ಕೋಲುಗಳನ್ನು ಅಟ್ಟಕ್ಕೆ ಏರಿಸಿಬಿಡುತ್ತಿದ್ದ. ಮುಂದಿನ ರವಿವಾರ ಬೆಳಿಗ್ಗೆ ಎಂದಿನ ಹೊತ್ತಿಗೇ ಎದ್ದು, ಎಲ್ಲಿಗೂ ಹೋಗದೆ ಮಂಚದ ತುದಿಯಲ್ಲಿ ಕೂತಿರುತ್ತಿದ್ದ. "ಮಾತಾಡು, ದಾನೇಶ್ವರಿ" ಎಂದ ವಿಶ್ವಜಿತ. ಅವಳು ಇನ್ನೊಂದು ಹಾಳೆ ತಿರುವಿದಳು. ಅವನು ಕಾದ. ಚಹಾ ಮಾರುವವನು ಅವರಿಬ್ಬರ ನಡುವೆ ತೂರಿಕೊಂಡು ಹೋದ. ಆಮೇಲೆ ವಿಶ್ವಜಿತ ಅಲ್ಲಿರಲಿಲ್ಲ. ತಾನು ಓದುತ್ತಿದ್ದದ್ದು ಯಾವುದೋ ಹಳೆಯ ಪರೀಕ್ಷೆಯ ಗೈಡು ಎಂಬುದು ಆಗ ಅವಳಿಗೆ ಕಂಡಿತು.

ಮನೆಯಲ್ಲಿ ಅವಳು ಹೇಳಿದ್ದು ಬೇರೆ. "ನಾನ ಬ್ಯಾಡ ಅಂದೆ. ನನಗ ಸೇರಲಿಲ್ಲ." ಅವ್ವ ಅತ್ತಳು, ಬೈದಳು, ಓದಿಸಿದ್ದೇ ತಪ್ಪಾಯಿತೆಂದಳು. ಅಪ್ಪ ಸಂಜೆ ನಾಂಪಲ್ಲಿ ಸ್ಟೇಷನ್ನಿನ ಎದುರಿನಿಂದ ಬಿಸಿ ಉಸ್ಮಾನಿಯಾ ಬಿಸ್ಕೀಟು ತಂದು, ಅವ್ವನಿಗೆ ಕಾಣದಂತೆ ಅವಳ ಮೇಜಿನ ಮೇಲಿಟ್ಟ. "ಸೇರದಿದ್ದರ ಬಿಡು. ಮನಸ್ಸಿಗೆ ಬಾರದ್ದಕ್ಕ ಹೂಂ ಅನ್ನಬಾರದು." ಆತನ ಕಣ್ಣಲ್ಲಿ ಹೆಮ್ಮೆ ಇತ್ತು. ಮಾತೇ ಬಾರದ ಮಗಳು ಒಂದು ಮಾತು ಆಡಿದಳೆಂಬ ಹೆಮ್ಮೆ. ಅದನ್ನು ಕಂಡ ಮೇಲೆ ಸುಳ್ಳನ್ನು ಹಿಂದೆ ತೆಗೆದುಕೊಳ್ಳುವ ದಾರಿ ಉಳಿಯಲಿಲ್ಲ. ದಿನಚರಿಯಲ್ಲೂ ಹಾಗೆಯೇ ಬರೆದಳು: ನಾನೇ ಬೇಡವೆಂದೆ. ಯಾರೂ ಓದದ ಪುಸ್ತಕದಲ್ಲಿ ಯಾರಿಗಾಗಿ ಸುಳ್ಳು ಬರೆದೆ ಎಂದು ಆಮೇಲೆ ಬಹಳ ಹೊತ್ತು ಯೋಚಿಸುತ್ತ ಮಲಗಿದ್ದಳು.

ಕೆರೆಯ ದಂಡೆಯಲ್ಲಿ ಅಂಬಾದಾಸ ಕಾಕಾ ಆಗಲೇ ಸ್ಕೂಟರು ನಿಲ್ಲಿಸಿಕೊಂಡು ಬಂಡೆಯ ಮೇಲೆ ಕೂತಿದ್ದ. ಬೀದರ ಕಡೆಯವನು, ನಾಂಪಲ್ಲಿಯ ಗಲ್ಲಿಯೊಂದರಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಅಪ್ಪನನ್ನು ಕಂಡದ್ದೇ ಕೂಗಿದ. "ಬರ್ರಿ, ಬರ್ರಿ ಶರಣರ! ಮೀನು ಎಲ್ಲಾ ಹಾಜರಿ ಹಾಕಿ ಮನಿಗೆ ಹೋದ್ವು."

"ನಿನ್ನ ಬೀಡಿ ವಾಸನಿಗೆ ಹೋಗಿರಬೇಕು" ಎಂದ ಅಪ್ಪ.

"ಕೇಳಿದೇನ್ ಬೇಟಿ? ನಿಮ್ಮಪ್ಪಗ ಮನ್ಯಾಗ ಬಾಯಿ ಇರಂಗಿಲ್ಲ. ಇಲ್ಲಿ ನೋಡು, ಹ್ಯಾಂಗ ಚಾಲೂ ಆತು."

ಅವಳು ನಕ್ಕಳು. "ಹೂಂರಿ ಕಾಕಾ." ಎಲ್ಲದಕ್ಕೂ ಅವಳ ಹತ್ತಿರ ಇರುವ ಮಾತು ಅದೊಂದೇ.

ಅಪ್ಪ ಚಪ್ಪಲಿ ಬಿಟ್ಟು ನೀರಿನ ಅಂಚಿಗೆ ಹೋಗಿ ನಿಂತ. ಪಾದ ಮುಳುಗುವಷ್ಟು ಇಳಿದು, ಕಣ್ಣು ಮುಚ್ಚಿ, ಗಾಳಿ ಯಾವ ಕಿವಿಗೆ ಬಡಿಯುತ್ತದೆಂದು ನೋಡಿದ. ಹಳ್ಳ ಬಂದು ಸೇರುವ ಬಾಯಿಯಿಂದ ಕೆಂಪು ನೀರು ಒಂದು ಪಟ್ಟಿಯಾಗಿ ಒಳಗೆ ಬಂದು, ಹಳೆಯ ಹಸಿರು ನೀರಿನ ಜೊತೆ ಬೆರೆಯದೆ ಅದರ ಬದಿಗೇ ಹರಿಯುತ್ತಿತ್ತು. "ಗೆರಿ ಕಾಣತೈತೇನು? ರೋಹು ಆ ಗೆರಿ ಮ್ಯಾಲ ನಿಂತಿರತಾವ. ಒಂದು ಕಣ್ಣು ಹೊಸನೀರಿನ ಕಡೆ, ಒಂದು ಹಳೇನೀರಿನ ಕಡೆ. ಹೋಗಬೇಕೋ ಇರಬೇಕೋ ಅಂತ ಅವಕ್ಕೂ ಗೊತ್ತಿರಂಗಿಲ್ಲ." ಅವಳು ಬೋಗುಣಿಯ ಬಟ್ಟೆ ಬಿಚ್ಚಿ, ಹಿಂಡಿಯ ಉಂಡೆ ಮಾಡಿ ಗಾಳಕ್ಕೆ ಒತ್ತಿದಳು. ಮುಳ್ಳು ಕಾಣದಂತೆ, ಆದರೆ ಕಚ್ಚಿದರೆ ಸಿಗುವಂತೆ. ಅಪ್ಪ ಕೋಲು ಬೀಸಿದ. ದಾರಕ್ಕೆ ಕಟ್ಟಿದ ಬೆಂಡು ಗೆರೆಯ ಮೇಲೆ ಹೋಗಿ ತೇಲುತ್ತ ಕೂತಿತು.

ಆಮೇಲೆ ಬರೀ ಕಾಯುವುದು. ಈ ಕಾಯುವಿಕೆಯಲ್ಲಿ ಯಾರೂ ಅವಳನ್ನು ಏನೂ ಕೇಳುವುದಿಲ್ಲ. ಅದಕ್ಕೇ ಚಿಕ್ಕಂದಿನಿಂದ ಬರುತ್ತಿದ್ದಳು. ಅಪ್ಪನ ಬೆನ್ನು, ಪಕ್ಕೆಯಲ್ಲಿ ಅಂಗಿಯ ಒಳಗಿನ ಲಿಂಗದ ಕರಡಿಗೆಯ ಗುಂಡಗಿನ ಉಬ್ಬು, ನೀರಿನ ಮೇಲೆ ಬೆಂಡಿನ ಕೆಂಪು ಚುಕ್ಕೆ. ತಿನ್ನದವರು ಯಾತಕ್ಕ ಹಿಡೀತಾರ? ಅವಳ ಹತ್ತಿರವೂ ಉತ್ತರವಿರಲಿಲ್ಲ. ಒಮ್ಮೆ ಕೇಳಿದ್ದಕ್ಕೆ ಅಪ್ಪ, "ಅದು ಜಗ್ಗತೈತಲ್ಲ, ಆಗ ಆ ಕಡೆ ಯಾರೋ ಅದಾರ ಅಂತ ಅನಸತೈತಿ" ಎಂದಿದ್ದ. ಅದನ್ನು ಅಬಿಡ್ಸಿನಲ್ಲಿ ವಿಶ್ವಜಿತನಿಗೆ ಹೇಳಬಹುದಿತ್ತು. ಅವನಿಗೆ ಅರ್ಥವಾಗುತ್ತಿತ್ತೇನೋ. ಇಲ್ಲ, ಅವನು ಗೋಡಂಬಿ ಸರಿಸಿದ ಹಾಗೆ ಅದನ್ನೂ ಬದಿಗೆ ಸರಿಸುತ್ತಿದ್ದ. ಹಾಗೆ ಅಂದುಕೊಂಡರೂ ಸಮಾಧಾನವಾಗಲಿಲ್ಲ. ಅವನ ಅಂಗಿಯ ತೋಳಿನ ಮಡಿಕೆ, ಪುಸ್ತಕದ ಬೆನ್ನಿನ ಮೇಲೆ ಹೆಸರು ಓದುವಾಗ ಅವನ ತಲೆ ಒಂದು ಕಡೆ ವಾಲುತ್ತಿದ್ದದ್ದು, ಎಲ್ಲ ಎದೆಯಲ್ಲಿ ಎಳೆದುಕೊಂಡು ನಿಂತಿತು. ಸಣ್ಣ ಮನಸ್ಸಿನವನು ಎಂದು ತಿಳಿದ ಮೇಲೂ ಬೇಕೆನಿಸುವುದು ನಿಲ್ಲುವುದಿಲ್ಲ.

"ಗುರಣ್ಣ!" ಅಂಬಾದಾಸ ಕಾಕಾ ದನಿ ತಗ್ಗಿಸಿ ಕರೆದ. "ನೋಡಲ್ಲಿ, ಆ ಹುಲ್ಲಿನ ಬದಿಗೆ. ಕೆಂಪು."

ದಂಡೆಯ ಜೊಂಡಿನ ಪಕ್ಕ, ನೀರಿನ ಒಂದು ಪರಾತದಷ್ಟು ಜಾಗದಲ್ಲಿ, ಮಳೆಯಿಲ್ಲದೆಯೇ ಹನಿ ಬೀಳುತ್ತಿತ್ತು. ಹನಿಯಲ್ಲ. ಕೇಸರಿಗೆಂಪಿನ ಎಳೆಎಳೆ ಮರಿಗಳು ಗುಂಪಾಗಿ ಮೇಲೆದ್ದು ಗುಟುಕು ಗಾಳಿ ಕುಡಿದು ಮುಳುಗುತ್ತಿದ್ದವು. ತೆಲುಗಿನವರು ಕೊರಮೀನು ಎನ್ನುವ ಜಾತಿಯ ಮರಿಗಳು. ಹೊಸಮಳೆಯ ದಿನಗಳಲ್ಲಿ ಅವು ಹೀಗೆ ಕಾಣುತ್ತವೆ, ಅವುಗಳ ಕೆಳಗೆ ಕಪ್ಪಗೆ, ಅಲುಗದೆ, ಹೆತ್ತ ಮೀನು ಕಾವಲು ನಿಂತಿರುತ್ತದೆ. ಕಾಕಾ ಚೀಲದಿಂದ ಬೇಗಂ ಬಜಾರಿನ ರಬ್ಬರ್ ಕಪ್ಪೆಯನ್ನು ತೆಗೆದು ತನ್ನ ಕೋಲಿಗೆ ಕಟ್ಟತೊಡಗಿದ.

"ಬ್ಯಾಡ" ಎಂದ ಅಪ್ಪ. "ಮರಿ ಅದಾವ."

"ಮರಿ ಅದಾವಂತನ ಹಾಕಾಕತ್ತೀನಿ ದೋಸ್ತ. ಅದಕ್ಕ ಈಗ ಹಸಿವಿರಂಗಿಲ್ಲ. ಆದರ ಕಪ್ಪಿ ನಡುವ ಬಿತ್ತಂದ್ರ, ಮರಿ ತಿನ್ನಾಕ ಬಂತು ಅಂತ ಬಾಯಿ ಹಾಕೇ ಹಾಕತೈತಿ. ವರ್ಷದಾಗ ಇಷ್ಟು ಸುಲಭ ಮತ್ತ ಸಿಗಂಗಿಲ್ಲ."

"ಅದಕ್ಕ ಬ್ಯಾಡ ಅಂದೆ. ಹಸದು ಬಂದದ್ದನ್ನ ಹಿಡಿಯೂಣು. ಕಾಯಾಕ ಬಂದದ್ದನ್ನ ಹಿಡಿಯೋದು ಬ್ಯಾಡ. ಅದು ಹೋತಂದ್ರ ಸಂಜಿತನಕ ಒಂದು ಮರಿ ಉಳಿಯಂಗಿಲ್ಲ."

ಪ್ರತಿ ಮಳೆಗಾಲವೂ ಇದೇ ಜಗಳ. ಪ್ರತಿ ಸಲವೂ ಕಾಕಾ ಗೊಣಗಿ ಕಪ್ಪೆಯನ್ನು ಚೀಲಕ್ಕೆ ಹಾಕುತ್ತಿದ್ದ. ಇವತ್ತು ಹಾಕಲಿಲ್ಲ. ಬೆಳಗಿನಿಂದ ಒಂದೂ ಬಿದ್ದಿರಲಿಲ್ಲ, ಮನೆಯಲ್ಲಿ ಬೀಗರಿದ್ದರು, ಮಸಾಲೆ ಅರೆಯಲು ಹೇಳಿ ಬಂದಿದ್ದ. "ನಿನ್ನ ನೇಮ ಕಟ್ಕೊಂಡು ನಾ ತವಾ ಕಾಯಿಸ್ಕೋತ ಕೂಡಲೇನು? ತಿನ್ನಂಗಿಲ್ಲ, ಮುಟ್ಟಂಗಿಲ್ಲ, ಮರಿ ಇದ್ದಾಗ ಹಿಡಿಯಂಗಿಲ್ಲ. ಇಷ್ಟೆಲ್ಲ ಮಾಡಿ ನಿನಗರೆ ಏನ್ ಬಂತು? ಹೆಣ್ಣು ನೋಡಾಕ ಬಂದಿದ್ದ ಆ ಸಿಕಂದರಾಬಾದಿನ ಮಂದಿ, ಮೀನು ಹಿಡಿಯೋರ ಮನಿ ಹೆಣ್ಣು ಬ್ಯಾಡ ಅಂದ್ರೋ ಇಲ್ಲೋ? ಬರೋ ವಾರ ಆ ಹುಡುಗಂದು ನಿಶ್ಚಯ. ದೇವರ ಫೋಟೋಕ್ಕ ಕಟ್ಟು ಹಾಕಸಾಕ ನನ್ನ ಅಂಗಡಿಗೇ ಬಂದಿದ್ರು. ಅವರ ಬಾಯಿಂದನ ಕೇಳೀನಿ."

ಬೆಂಡು ಒಮ್ಮೆ ಮುಳುಗಿ ಎದ್ದಿತು. ಯಾರೂ ಕೋಲು ಎತ್ತಲಿಲ್ಲ. ಬರೋ ವಾರ ಎಂಬ ಎರಡು ಶಬ್ದಗಳನ್ನು ದಾನೇಶ್ವರಿ ಹಿಡಿದುಕೊಂಡಳು, ಉಳಿದದ್ದು ಇನ್ನೂ ಅವಳ ತನಕ ಬಂದಿರಲಿಲ್ಲ. ಬರೋ ವಾರ ಮಳೆ ಜೋರಾದರೆ ಸಿಕಂದರಾಬಾದಿನ ರಸ್ತೆಗಳಲ್ಲಿ ನೀರು ನಿಲ್ಲುತ್ತದೆ, ಹೆಣ್ಣಿನ ಕಡೆಯವರು ಸೀರೆಯ ನೆರಿಗೆ ಎತ್ತಿಕೊಂಡು ಇಳಿಯಬೇಕಾಗುತ್ತದೆ ಎಂಬಂಥ ಏನೇನೋ ಹೊಳೆಯಿತು. ಆ ಹುಡುಗಿಯ ಕೈಗೆ ಯಾವ ವಾಸನೆ ಇರುತ್ತದೆ? ಆಮೇಲೆ ಉಳಿದದ್ದೂ ಬಂದು ತಲುಪಿತು. ಅವಳು ಅಪ್ಪನ ಕಡೆ ನೋಡಲಿಲ್ಲ. ನೋಡದೆಯೂ ಆತನ ಬೆನ್ನು ಸಣ್ಣದಾದದ್ದು ಗೊತ್ತಾಯಿತು.

"ಅವರು ಬ್ಯಾಡ ಅಂದಿಲ್ಲ" ಎಂದ ಅಪ್ಪ. "ನಮ್ಮ ಹುಡಿಗಿ ಬ್ಯಾಡ ಅಂದಾಳ."

ಕಾಕಾ ಅವಳ ಮುಖ ನೋಡಿದ. ಬೀಡಿ ಕಿವಿಯ ಹಿಂದೆ ಸಿಕ್ಕಿಸಿಕೊಂಡ, ಮತ್ತೆ ತೆಗೆದ. "ನಿನಗ ಗೊತ್ತೈತಿ ಅಂದ್ಕೊಂಡೆ ದೋಸ್ತ... ನನ್ನ ನಾಲಿಗಿಗೆ ಬೆಂಕಿ ಹಾಕ. ಮಂದಿ ಏನೇನೋ ಅಂತಾರ, ಬಿಡು."

ಅಪ್ಪ ಬಂದು ಕಾಕಾನ ಕೈಯಿಂದ ಕೋಲು ತೆಗೆದುಕೊಂಡ. ರಬ್ಬರ್ ಕಪ್ಪೆ ಗಾಳಿಯಲ್ಲಿ ತೂಗಾಡಿತು. ಅವಳು ಏಳಬೇಕೆಂದುಕೊಂಡಳು, ಅಪ್ಪಾ ಬ್ಯಾಡ ಎನ್ನಬೇಕೆಂದುಕೊಂಡಳು. ಅಷ್ಟರಲ್ಲಿ ಆತ ಬೀಸಿಯೇ ಬಿಟ್ಟಿದ್ದ. ಕಪ್ಪೆ ಸರಿಯಾಗಿ ಆ ಕೆಂಪಿನ ನಡುವೆ ಬಿತ್ತು. ಮರಿಗಳು ಒಂದೇ ಸಲಕ್ಕೆ ಚೆಲ್ಲಾಪಿಲ್ಲಿಯಾದವು. ನೀರು ಒಳಗಿನಿಂದ ಬಿರಿದು ಎದ್ದಿತು; ಅಷ್ಟು ಸಿಟ್ಟನ್ನು ಅವಳು ಈ ಕೆರೆಯಲ್ಲಿ ಕಂಡಿರಲಿಲ್ಲ. ಕೋಲು ಬಿಲ್ಲಾಯಿತು. ಅಪ್ಪ ಆಡಿಸಲಿಲ್ಲ, ದಣಿಸಲಿಲ್ಲ. ಇಷ್ಟು ವರ್ಷ ಕಲಿತದ್ದೆಲ್ಲ ಮರೆತವನ ಹಾಗೆ ಹಿಂದೆ ಹಿಂದೆ ನಡೆದು ಅದನ್ನು ದಂಡೆಯ ಹುಲ್ಲಿಗೆ ಎಳೆದು ಹಾಕಿದ. ಕಪ್ಪಗೆ, ಹಾವಿನ ತಲೆಯ ಮೀನು. ನೀರಿನ ಹೊರಗೂ ಬಹಳ ಹೊತ್ತು ಉಸಿರಾಡುವಂಥದ್ದು. ಕಾಕಾ ಅಭ್ಯಾಸಬಲದಿಂದ ಮುಂದೆ ಬಂದ. ಅಪ್ಪ ಕೈ ಅಡ್ಡ ಮಾಡಿದ.

ಕರಡಿಗೆಯನ್ನು ಬೆನ್ನ ಕಡೆಗೆ ಸರಿಸಿ, ಮಂಡಿಯೂರಿ, ಆತ ಮೀನನ್ನು ಮುಟ್ಟಿದ. ಮೊದಲು ಒಂದು ಬೆರಳು, ಆಮೇಲೆ ಪೂರ್ತಿ ಅಂಗೈ. ಅದು ಜಾರಿತು. ಮತ್ತೆ ಹಿಡಿದ. ಗಾಳ ಬಿಡಿಸುವುದು ಆತನಿಗೆ ಬರುತ್ತಿರಲಿಲ್ಲ. ತಿರುಚಿದ, ಎಳೆದ, ತನ್ನ ಹೆಬ್ಬೆರಳನ್ನೇ ಹರಿದುಕೊಂಡ. ಯಾರ ರಕ್ತ ಯಾವುದೆಂದು ತಿಳಿಯಲಿಲ್ಲ. ಬಿಡಿಸಿಕೊಂಡ ಮೇಲೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಜೊಂಡಿನ ಪಕ್ಕ ನೀರಿನಲ್ಲಿ ಬಿಟ್ಟ. ಅದು ಒಂದು ಗಳಿಗೆ ಹಾಗೇ ನಿಂತು, ಕಪ್ಪು ನೆರಳಾಗಿ ಇಳಿದುಹೋಯಿತು. ಮರಿಗಳು ಮತ್ತೆ ಎದ್ದವೇ? ಅವಳು ದೃಷ್ಟಿಯಿಟ್ಟು ನೋಡಿದಳು. ಅಲ್ಲೊಂದು ಇಲ್ಲೊಂದು ಹನಿ ಬಿತ್ತು, ಅಥವಾ ಅದು ನಿಜವಾದ ಮಳೆಯೇ ಇರಬಹುದು. ಕಾಕಾ ಬೀಗರನ್ನೂ ಮಸಾಲೆಯನ್ನೂ ಮರೆತು ಕೋಲಿನ ದಾರ ಸುತ್ತತೊಡಗಿದ.

ಅಪ್ಪ ಅಂಗೈಗಳನ್ನು ಮುಖದ ಹತ್ತಿರ ತಂದುಕೊಂಡು ಮೂಸಿದ. ಬಸ್ಸಿನಲ್ಲಿ ಅವಳು ಮೂಸಿದ ಹಾಗೆಯೇ, ಒಮ್ಮೆ, ಇನ್ನೊಮ್ಮೆ. "ಇಷ್ಟ ಏನು ಇದರ ವಾಸನಿ?" ಎಂದ, ಯಾರಿಗೂ ಅಲ್ಲ. ಆಮೇಲೆ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ಅವಳ ಎದುರಿಗೆ ಬಂದ. ಮುಟ್ಟಿಬಿಟ್ಟೇನೆಂದು ಎರಡು ಮಾರು ದೂರವೇ ನಿಂತ. ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿದಿತ್ತು.

"ನೀನ ಬ್ಯಾಡ ಅಂದಿದ್ದಿ. ಹೌದಲ್ಲ ದಾನವ್ವ? ನಿನಗ ಸೇರಲಿಲ್ಲ. ಅಷ್ಟ ಅಲ್ಲ?"

ಆತ ಬೇಡುತ್ತಿದ್ದ. ಹೂಂ ಅಂದರೆ ಸಾಕಿತ್ತು. ಕಾಕಾ ಹೇಳಿದ್ದು ಬಜಾರಿನ ಮಾತಾಗಿ ಹೋಗುತ್ತಿತ್ತು, ಮುಂದಿನ ರವಿವಾರ ಮತ್ತೆ ಈ ಬಸ್ಸು, ಈ ಬೋಗುಣಿ, ಕಂಡಕ್ಟರನ ನಗು. ಹೂಂ ಎಂಬುದು ಎಂದಿನಂತೆ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅವಳು ಎದ್ದು, ಹಿಂಡಿ ಮೆತ್ತಿದ್ದ ತನ್ನ ಕೈಯಿಂದ ಅಪ್ಪನ ಒದ್ದೆಯಾದ, ರಕ್ತ ಒಸರುವ ಕೈಯನ್ನು ಹಿಡಿದುಕೊಂಡಳು. ಆತ ಹಿಂದಕ್ಕೆ ಎಳೆದುಕೊಂಡ. ಅವಳು ಬಿಡಲಿಲ್ಲ. ಹಸಿ ಕೆಸರಿನದೋ, ಕಬ್ಬಿಣದ್ದೋ ಎನಿಸುವ ಆ ವಾಸನೆ ಮೊದಲ ಸಲ ನಿಜವಾಗಿ ಅವಳ ಬೆರಳುಗಳಿಗೆ ಹತ್ತಿತು.

"ಇಲ್ಲಪ್ಪಾ" ಎಂದಳು. ದನಿ ತಾನು ತಿಳಿದದ್ದಕ್ಕಿಂತ ಜೋರಾಗಿತ್ತು. "ನನಗ ಅವ ಬೇಕಾಗಿದ್ದ."